ಎಡಕ್ಕೆ ಹೋದ ಡ್ರಾಯರ್

ನನ್ನ ಅತ್ತಿಗೆಯಷ್ಟು ಹಟದ ಹೆಂಗಸನ್ನು ನಾನು ಎಲ್ಲೂ ಕಂಡಿಲ್ಲ. ಇದನ್ನು ದೂರು ಅಂದುಕೊಳ್ಳಬೇಡಿ, ಹೊಗಳಿಕೆಯೇ. ಆದರೆ ಇದು ಹೊಗಳುವಂಥ ಗುಣ ಅಂತ ನನ್ನ ಮಂಡೆಗೆ ಹೊಳೆಯುವಷ್ಟರಲ್ಲಿ ನಾನು ಕೂಗಾಡಿ ಕೂಗಾಡಿ ಗಂಟಲು ಹರಿದುಕೊಂಡಾಗಿತ್ತು.

ನಮ್ಮದು ಕುರ್ಚಿ ಕೆಲಸ. ನಾನು ಬಡಗಿ. ಕುರ್ಚಿಯ ಕಾಲು, ಕೈ, ಬೆನ್ನು, ಚೌಕಟ್ಟು ಎಲ್ಲ ನನ್ನದು. ಕೂರುವ ಜಾಗಕ್ಕೆ ಬೆತ್ತ ಹೆಣೆಯುವುದು ಅತ್ತಿಗೆಯದು. ಮೊದಲು ಆ ಕೆಲಸ ಅಣ್ಣನದಾಗಿತ್ತು. ಅವನು ತೀರಿಕೊಂಡ ಮೇಲೆ ಅತ್ತಿಗೆ ಒಂದು ದಿನ ಬಂದು ಅವನ ಬೆಂಚಿನ ಮುಂದೆ ಕೂತರು. ಯಾರನ್ನೂ ಕೇಳಲಿಲ್ಲ. ಕೆಲವೇ ವರ್ಷಗಳಲ್ಲಿ ಅಣ್ಣನನ್ನೂ ಮೀರಿಸಿಬಿಟ್ಟರು. ಅವರು ಹೆಣೆದ ಕುರ್ಚಿಯ ಮೇಲೆ ಅಂಗೈಯಿಂದ ತಟ್ಟಿದರೆ ಡೋಲಿನ ಹಾಗೆ ಸದ್ದು ಬರುತ್ತದೆ. ಉದ್ದ ಎಳೆ, ಅಡ್ಡ ಎಳೆ, ಎರಡು ದಿಕ್ಕಿನ ಓರೆ ಎಳೆ, ಎಲ್ಲವೂ ಒಂದರ ಮೇಲೊಂದು, ಒಂದರ ಕೆಳಗೊಂದು ನುಗ್ಗಿ, ನಡುವೆ ಪುಟ್ಟ ಪುಟ್ಟ ಕಣ್ಣು ಬಿಡುತ್ತವೆ. ಅವರ ಕೆಲಸದಲ್ಲಿ ಒಂದು ಕಣ್ಣು ದೊಡ್ಡದು, ಒಂದು ಕಣ್ಣು ಚಿಕ್ಕದು ಅಂತ ಇಲ್ಲವೇ ಇಲ್ಲ. ನಾನು ಎಷ್ಟೋ ಸಲ ತಪ್ಪು ಹುಡುಕಲೆಂದೇ ಕನ್ನಡಕ ಹಾಕಿಕೊಂಡು ನೋಡಿದ್ದೇನೆ. ಸಿಕ್ಕಿಲ್ಲ.

ಅಂಥ ಕೈಯ ಹೆಬ್ಬೆರಳು ಕೈಕೊಟ್ಟಿತು. ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದುಹೋಗಿದೆ, ಆಪರೇಷನ್ ಮಾಡಲೇಬೇಕು ಅಂದರು ಡಾಕ್ಟರು. ಆಮೇಲೆ ಲೋಟ ಹಿಡಿಯಬಹುದು, ಬಾಗಿಲ ಚಿಲಕ ತೆಗೆಯಬಹುದು. ಬೆತ್ತದ ಎಳೆಯನ್ನು ಬಿಗಿಯಾಗಿ ಎಳೆಯುವ ಮಾತು ಮಾತ್ರ ಮರೆತುಬಿಡಿ ಅಂದರು. ಅತ್ತಿಗೆ ಡಾಕ್ಟರ ಮುಂದೆ "ಆಗ್ಲಿ" ಅಂದರು. ಹೊರಗೆ ಬಂದ ಮೇಲೆ, "ಆಪರೇಷನ್ನು ಚಳಿಗಾಲ ಕಳೆದ ಮೇಲೆ ಇಟ್ಕೊಳ್ಳೋಣ. ಅಲ್ಲೀತನಕ ಕೆಲ್ಸ ಇದೆ" ಅಂದರು.

ಕೆಲಸ ಅಂದರೆ ನಾಟಕ ಮಂದಿರದ್ದು. ಊರಿನ ದೊಡ್ಡ ನಾಟಕ ಮಂದಿರದ ಕುರ್ಚಿಗಳೆಲ್ಲ ನಮ್ಮವೇ. ಆಟ ಇಲ್ಲದ ತಿಂಗಳುಗಳಲ್ಲಿ ಒಂದೊಂದು ಸಾಲು ಕಳಚಿ ನಮ್ಮಲ್ಲಿಗೆ ಕಳಿಸುತ್ತಾರೆ, ಅತ್ತಿಗೆ ಹಳೆಯ ಬೆತ್ತ ಕಿತ್ತು ಹೊಸದು ಹೆಣೆಯುತ್ತಾರೆ. ಹೆಬ್ಬೆರಳಿನ ಸುದ್ದಿ ಅಲ್ಲಿನ ಮ್ಯಾನೇಜರ ಕಿವಿಗೂ ಬಿತ್ತು. ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಮಾತಾಡಲಿಲ್ಲ. "ಇದೇ ಹೆಣಿಗೆ ಮುಂದೆಯೂ ಬರುತ್ತೆ ಅಂದ್ರೆ ಸರಿ. ಇಲ್ಲಾಂದ್ರೆ ಎಲ್ಲಾದಕ್ಕೂ ಸ್ಪಂಜು ಹಾಕಿಸಿಬಿಡ್ತೀವಿ" ಅಂದರು. ಸ್ಪಂಜು! ಅತ್ತಿಗೆ ಜೀವ ತೇಯ್ದು ಮಾಡಿದ ಕೆಲಸವೆಲ್ಲ ಕಿತ್ತು ಬಿಸಾಕಿ, ಆ ಜಾಗಕ್ಕೆ ಸ್ಪಂಜು. ಯಾರಾದರೂ ಕಲಿಯಲೇಬೇಕಿತ್ತು.

ಕಲಿಯಬೇಕಾದವಳು ಒಬ್ಬಳಿದ್ದಳು, ಅತ್ತಿಗೆಯ ಮಗಳು. ನಾವೆಲ್ಲ ಪುಟ್ಟಿ ಅನ್ನುತ್ತೇವೆ, ಈಗ ಮದುವೆಯಾಗಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸಾದರೂ ಪುಟ್ಟಿಯೇ. ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂಗಳನ್ನು ಪಟಪಟ ಕೂರಿಸುತ್ತಾಳೆ. ಎಡಗೈಯಲ್ಲಿ. ಅಲ್ಲೇ ಇದ್ದದ್ದು ತೊಡಕು. ಹದಿಹರೆಯದಲ್ಲಿ ಅವಳೇ ಆಸೆಪಟ್ಟು ಅಮ್ಮನ ಹತ್ತಿರ ಕಲಿಯಲು ಕೂತಿದ್ದಳು. ನಮ್ಮ ಬೆಂಚು ಗೋಡೆಗೆ ಒತ್ತಿಕೊಂಡಿದೆ. ಎದುರಿಗೆ ಕೂರಲು ಜಾಗವಿಲ್ಲ, ಪಕ್ಕದಲ್ಲೇ ಕೂರಬೇಕು. ಅಮ್ಮನ ಬಲ ಮೊಣಕೈಗೆ ಮಗಳ ಎಡ ಮೊಣಕೈ ಡಿಕ್ಕಿ. ಅಮ್ಮ ಬಲಕ್ಕೆ ಎಳೆದರೆ ಮಗಳು ಎಡಕ್ಕೆ. ಗಂಟು ಉಲ್ಟಾ, ಓರೆ ಎಳೆ ಉಲ್ಟಾ, ಕೊನೆಗೆ ಮಾತೂ ಉಲ್ಟಾ. ಒಂದು ದಿನ ಅತ್ತಿಗೆ ರೇಗಿ, "ಇದು ನಿನ್ನ ಕೈಗೆ ಹತ್ತೋ ಕೆಲ್ಸ ಅಲ್ಲ, ಬಿಡು" ಅಂದುಬಿಟ್ಟರು. ಪುಟ್ಟಿ ಎದ್ದುಹೋದಳು. ಜಗಳವಾಡಲಿಲ್ಲ, ಅಳಲಿಲ್ಲ. ಆವತ್ತಿನಿಂದ ತಾಯಿ ಮಗಳು ಲೋಕದ ಎಲ್ಲ ವಿಷಯ ಮಾತಾಡುತ್ತಾರೆ, ಬೆತ್ತದ ವಿಷಯ ಒಂದನ್ನು ಬಿಟ್ಟು.

ನನ್ನ ಹತ್ತಿರ ಒಂದು ಟ್ಯಾಬ್ಲೆಟ್ ಇತ್ತು. ಗಿರಾಕಿಗಳಿಗೆ ಕುರ್ಚಿಗಳ ಫೋಟೊ ತೋರಿಸಲು ಕೊಂಡದ್ದು. ಒಂದು ಬೆಳಿಗ್ಗೆ ಅತ್ತಿಗೆ ಅದನ್ನು ಕೈಗೆತ್ತಿಕೊಂಡು, "ಇದ್ರಲ್ಲಿ ಸಿನಿಮಾ ಥರ ತೆಗೀಬಹುದಲ್ವಾ?" ಅಂದರು.

"ತೆಗೀಬಹುದು. ಯಾಕೆ?"

"ನನ್ನ ತಲೆ ಮೇಲೆ ನೇತುಹಾಕು ಅದನ್ನ. ನಾನು ಹೆಣೀತೀನಿ, ಅದು ನೋಡ್ಕೊಳ್ಳಲಿ. ಮುಂದೆ ಯಾರಿಗೆ ಬೇಕೋ ಅವ್ರು ಕಲೀಲಿ."

ಗೋಡೆಗೆ ಒಂದು ಮರದ ತೋಳು ಜೋಡಿಸಿ, ಅದರ ತುದಿಗೆ ಚೌಕಟ್ಟು ಮಾಡಿ, ಟ್ಯಾಬ್ಲೆಟ್ಟನ್ನು ಬೋರಲಾಗಿ ಕೂರಿಸಿದೆ. ಗಾಜಿನ ಮುಖ ಕೆಳಗೆ ಇರಬೇಕು ಅಂತ ಅತ್ತಿಗೆಯೇ ಹೇಳಿದ್ದು. ಆಗಾಗ ಕತ್ತೆತ್ತಿ ನೋಡಿದರೆ ಕೈ ಚಿತ್ರದೊಳಗೆ ಇದೆಯೋ ಇಲ್ಲವೋ ತಿಳಿಯುತ್ತದಲ್ಲ. ಜನ ತಮ್ಮ ಮುಖವನ್ನೇ ತೆಗೆದುಕೊಳ್ಳುವ ಮುಂದಿನ ಕ್ಯಾಮೆರಾ ಹಾಕಿದೆವು. ಇಷ್ಟೇ ನಾವು ಮಾಡಿದ್ದು. ಇದರಲ್ಲಿ ಏನಾದರೂ ಎಡವಟ್ಟು ಇದೆ ಅಂತ ನನ್ನ ಕನಸಿನಲ್ಲೂ ಬರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಅವರ ಹಟ. ಒಂದು ಕುರ್ಚಿಗೆ ಒಂದೇ ವಿಡಿಯೊ. ಬರೀ ಚೌಕಟ್ಟಿನಿಂದ ಹಿಡಿದು ಕೊನೆಯ ಅಂಚಿನ ತನಕ ಎಲ್ಲೂ ನಿಲ್ಲಿಸುವ ಹಾಗಿಲ್ಲ. ಬೆತ್ತವನ್ನು ನೀರಿನ ಬಕೆಟ್ಟಿಗೆ ಹಾಕಿ ನೆನೆಯಲು ಬಿಟ್ಟಾಗಲೂ ಅದು ಓಡುತ್ತಲೇ ಇರಬೇಕು. ಆ ಹೊತ್ತಿನಲ್ಲಿ ಚಿತ್ರದಲ್ಲಿ ಏನಿರುತ್ತದೆ? ಒಂದು ಖಾಲಿ ಕುರ್ಚಿ, ಮಡಿಲಲ್ಲಿಟ್ಟುಕೊಂಡ ಎರಡು ಕೈ. ಅಷ್ಟೇ.

"ಅತ್ತಿಗೆ, ನೀರು ನೋಡ್ಕೊಂಡು ಕೂರೋಕೆ ಯಾರಿಗೆ ಪುರುಸೊತ್ತಿದೆ? ನಿಲ್ಸಿ, ಆಮೇಲೆ ಮತ್ತೆ ಹಾಕಿ" ಅಂದೆ.

"ನೆನೆಯೋದೂ ಕೆಲ್ಸಾನೇ ಕಣಪ್ಪಾ. ಎಷ್ಟು ಹೊತ್ತು ಕಾಯ್ಬೇಕು ಅನ್ನೋದನ್ನ ಕಾದೇ ಕಲೀಬೇಕು. ಬೇಗ ತೆಗೆದ್ರೆ ಮುರಿಯುತ್ತೆ, ತಡ ಮಾಡಿದ್ರೆ ಕಪ್ಪಾಗುತ್ತೆ. ನೀನು ಕಾದವನೇ ಅಲ್ಲ, ನಿನಗೆಲ್ಲಿ ಗೊತ್ತಾಗ್ಬೇಕು."

ಟ್ಯಾಬ್ಲೆಟ್ಟು ಕಾದು ಕೆಂಡವಾಗಿ ತಾನಾಗಿ ಆರಿಹೋಯಿತು. ಅದಕ್ಕೊಂದು ಫ್ಯಾನು ಇಟ್ಟರು. ಮರ ಕೊಯ್ದು ಕೊಯ್ದು ನಾನು ಬೆವರು ಸುರಿಸುತ್ತಿದ್ದೆ, ಗಾಳಿ ಮಾತ್ರ ಅದಕ್ಕೆ. ಇನ್ನೊಂದು ದಿನ ಓರೆ ಎಳೆ ಮುಗಿಯುತ್ತಾ ಬಂದಿತ್ತು, ಯಾವನೋ ಗಿರಾಕಿ ಆ ಟ್ಯಾಬ್ಲೆಟ್ಟಿಗೇ ಕರೆ ಮಾಡಿದ. ವಿಡಿಯೊ ನಿಂತುಹೋಯಿತು. "ಹೋಗ್ಲಿ ಬಿಡಿ, ಉಳಿದದ್ದು ಬೇರೆ ತೆಗೆಯೋಣ" ಅಂತ ನಾನು ಹೇಳಿ ಮುಗಿಸುವ ಮೊದಲೇ ಅತ್ತಿಗೆ ಕತ್ತರಿ ತೆಗೆದುಕೊಂಡು, ತಾವೇ ಹೆಣೆದದ್ದನ್ನು ಕಚಕ್ ಕಚಕ್ ಅಂತ ಕತ್ತರಿಸಿ ಹಾಕಿದರು. ಹೊಸ ಬೆತ್ತ ನೀರಿಗೆ ಹಾಕಿ ಮೊದಲಿಂದ ಶುರು. ಅದೂ ಆ ಹೆಬ್ಬೆರಳಿಟ್ಟುಕೊಂಡು! ನಾನು ಬಾಯಿಗೆ ಬಂದದ್ದೆಲ್ಲ ಆಡಿದೆ. ಅವರು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾ, "ಆಯ್ತಾ? ಈಗ ಸುಮ್ನಿರು, ಇದು ಮಾತೂ ಕೇಳಿಸ್ಕೊಳ್ಳುತ್ತೆ" ಅಂದರು. ಆ ವಿಡಿಯೊದ ಮೊದಲಲ್ಲಿ ನನ್ನ ಬೈಗುಳ ಇವತ್ತಿಗೂ ಇದೆ.

ಇಷ್ಟುದ್ದದ ವಿಡಿಯೊ ಒಂದೆರಡಾದರೆ ಸಾಕು, ಜಾಗ ಇಲ್ಲ ಅಂತ ಟ್ಯಾಬ್ಲೆಟ್ಟು ಗೋಳಾಡುತ್ತಿತ್ತು. ಖಾಲಿ ಮಾಡುವ ವಿದ್ಯೆ ಬರುತ್ತಿದ್ದದ್ದು ಪುಟ್ಟಿಗೆ ಮಾತ್ರ. ಅಂಗಡಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಬರುತ್ತಿದ್ದಳು. ವಿಡಿಯೊಗಳನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, "ಜಾಗ ಮಾಡಿದೀನಿ ಅಮ್ಮಾ" ಅನ್ನುತ್ತಿದ್ದಳು. "ಹೂಂ" ಅನ್ನುತ್ತಿದ್ದರು ಅತ್ತಿಗೆ. ಆಮೇಲೆ ಇಬ್ಬರೂ ಟೀ ಕುಡಿಯುತ್ತಾ ಪಕ್ಕದ ಮನೆ ಬೆಕ್ಕಿನ ವಿಷಯ ಮಾತಾಡುವುದು. ನೋಡಿ ನೋಡಿ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಚಳಿಗಾಲ ಕಳೆಯಿತು, ಆಪರೇಷನ್ ಆಯಿತು. ಅತ್ತಿಗೆ ಕೈಗೆ ಪಟ್ಟಿ ಸುತ್ತಿಸಿಕೊಂಡು ನಮ್ಮ ಕಾರ್ಖಾನೆಯ ಮಹಡಿ ಮೇಲಿನ ಕೋಣೆಯಲ್ಲಿ ಮಲಗಿದರು. ನಾನು ಬೇರೆ ಕಾರ್ಖಾನೆಯಿಂದ ಒಬ್ಬ ಹೆಣಿಗೆಯವನನ್ನು ಕರೆತಂದೆ. ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ, ಎಲ್ಲರೂ ಉದ್ದಣ್ಣ ಅನ್ನುತ್ತಿದ್ದರು. ಕೈ ಒಳ್ಳೆಯದೇ, ಆದರೆ ಅವನ ಹೆಣಿಗೆ ಬೇರೆ ಜಾತಿಯದು. ಅತ್ತಿಗೆಯದು ಬೇಕಾದರೆ ವಿಡಿಯೊ ನೋಡಿ ಕಲಿ ಅಂತ ಟ್ಯಾಬ್ಲೆಟ್ ಕೊಟ್ಟೆ. ಅದರಲ್ಲಿ ಕೊನೆಯ ಎರಡು ವಿಡಿಯೊ ಉಳಿದಿದ್ದವು. ಅವನೂ ನನ್ನ ಹಾಗೆಯೇ, ನೀರು ಬಂದ ಕೂಡಲೇ ಬೆರಳಿಟ್ಟು ಸರ್ರನೆ ಮುಂದಕ್ಕೆ ಎಳೆಯುತ್ತಿದ್ದ. ಎರಡು ಸೀಟು ಕೆಡಿಸಿದ. ಮೂರನೆಯದನ್ನು ಅರ್ಧಕ್ಕೆ ಬಿಟ್ಟು ತಲೆ ಕೆರೆದುಕೊಂಡ.

"ಯಜಮಾನ್ರೇ, ನಿಮ್ಮ ಅತ್ತಿಗೆಯವ್ರು ಎಡಚರಾ?"

"ಯಾವನೋ ಹೇಳಿದ್ದು? ನೂರಕ್ಕೆ ನೂರು ಬಲಗೈ."

"ಹಂಗಾದ್ರೆ ಇದೇನು ನೋಡಿ ಸ್ವಲ್ಪ."

ನೋಡಿದೆ. ನನಗೆ ಕೈ ಕಡೆ ನೋಡಿ ಗೊತ್ತಾಗಲಿಲ್ಲ, ಬೆಂಚಿನ ಕಡೆ ನೋಡಿ ಗೊತ್ತಾಯಿತು. ಆ ಬೆಂಚನ್ನು ಮಾಡಿದವನು ನಾನು. ಗೂಟಗಳನ್ನು ಇಡುವ ಡ್ರಾಯರನ್ನು ಬಲಗಡೆಗೆ ಜೋಡಿಸಿದವನು ನಾನು. ಹೆಣೆಯುವಾಗ ತೂತಿನಿಂದ ಎಳೆ ಜಾರದ ಹಾಗೆ ಸಣ್ಣ ಮರದ ಗೂಟ ಚುಚ್ಚುತ್ತಾ ಹೋಗಬೇಕು, ಅದಕ್ಕೇ ಬಲಗೈಗೆ ಸಿಗುವಂತೆ ಇಟ್ಟದ್ದು. ವಿಡಿಯೊದಲ್ಲಿ ಆ ಡ್ರಾಯರು ಎಡಗಡೆ ಇತ್ತು! ಮುಂದಿನ ಕ್ಯಾಮೆರಾ ಕನ್ನಡಿಯ ಹಾಗೆ ಎಲ್ಲವನ್ನೂ ಎಡಬಲ ಮಾಡಿ ಕೂಡಿಟ್ಟಿತ್ತು.

ನನ್ನ ಪಿತ್ತ ನೆತ್ತಿಗೇರಿತು. ಮೆಟ್ಟಿಲುಗಳನ್ನು ಧಡಧಡ ಹತ್ತಿದೆ. ಅತ್ತಿಗೆ ದಿಂಬಿನ ಮೇಲೆ ಕೈಯಿಟ್ಟುಕೊಂಡು ಕಿಟಕಿ ನೋಡುತ್ತಿದ್ದರು.

"ಎಲ್ಲಾ ಉಲ್ಟಾ ಅತ್ತಿಗೆ! ಅಷ್ಟು ದಿನ ಬೆರಳು ಹಾಳ್ಮಾಡ್ಕೊಂಡು ತೆಗೆದಿದ್ದೆಲ್ಲಾ ಉಲ್ಟಾ! ಎಡ ಬಲ ಆಗಿದೆ, ಬಲ ಎಡ ಆಗಿದೆ!"

"ಹೌದಾ? ಎಲ್ಲಾನೂ?"

"ಎಲ್ಲಾನೂ! ಒಂದಾದ್ರೂ ಸರಿ ಇದ್ದಿದ್ರೆ ನಾನ್ಯಾಕೆ ಹೀಗೆ ಬಡ್ಕೊಳ್ತಿದ್ದೆ?"

"ಸದ್ಯ" ಅಂದರು ಅತ್ತಿಗೆ.

ಸದ್ಯ! ಮಾತ್ರೆ ತಲೆಗೇರಿದೆ ಅಂದುಕೊಂಡೆ. ಮನಸ್ಸಿನಲ್ಲೇ ಪಾಪ ಅನ್ನಿಸಿತು, ದನಿ ತಗ್ಗಿಸಿದೆ. ಮೊಬೈಲ್ ಅಂಗಡಿಯವನು ತಿರುಗಿಸಿ ಕೊಡುತ್ತಾನೆ, ಅದೇನು ಬ್ರಹ್ಮವಿದ್ಯೆಯಲ್ಲ, ಪುಟ್ಟಿಯ ಹತ್ತಿರ ಇರುವುದನ್ನೆಲ್ಲ ಇಸಿದುಕೊಂಡು ಹೋಗುತ್ತೇನೆ, ನೀವು ಚಿಂತೆ ಮಾಡಬೇಡಿ ಅಂದೆ.

"ಅವಳನ್ನ ಒಂದು ಮಾತು ಕೇಳು" ಅಂದರು. "ಕೇಳದೇ ತಿರುಗಿಸ್ಬೇಡ."

ಪುಟ್ಟಿಯ ಮನೆ ಎರಡು ಬೀದಿ ಆಚೆ. ಬಾಗಿಲು ತೆಗೆದವನು ಅವಳ ಗಂಡ. ನನ್ನನ್ನು ಕಂಡದ್ದೇ, "ಬನ್ನಿ ಮಾವ, ನಿಂತೇ ಮಾತಾಡ್ಬೇಕು. ಕೂರೋಕೆ ನಮ್ಮನೇಲಿ ಒಂದು ಕುರ್ಚೀನೂ ಉಳಿದಿಲ್ಲ. ಎಲ್ಲಾದ್ರ ಹೊಟ್ಟೆ ಬಗೆದಿಟ್ಟಿದಾಳೆ" ಅಂದ.

ಒಳಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರಲ್ಲಿ ಅತ್ತಿಗೆಯ ಕೈ. ಅದರ ಮುಂದೆ ಕುರ್ಚಿಯ ಚೌಕಟ್ಟು, ಅದರ ಮೇಲೆ ಪುಟ್ಟಿಯ ಕೈ. ಚಿತ್ರದ ಕೈ ಎಡಕ್ಕೆ ಬಾಗಿದರೆ ಇವಳ ಕೈ ಎಡಕ್ಕೆ. ಅದು ಎಳೆಯನ್ನು ಬೆರಳಿಗೆ ಸುತ್ತಿ ಬಿಗಿದರೆ ಇದೂ ಸುತ್ತಿ ಬಿಗಿಯಿತು. ನಾನು ಬಂದದ್ದು ಅವಳಿಗೆ ಗೊತ್ತೇ ಇಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತದ್ದು ಅದೇ ಮೊದಲು. ಎಂಥ ಕೈ ಮಾರಾಯರೇ! ಎಲ್ಲೂ ತಡವರಿಸುವುದಿಲ್ಲ, ಎಲ್ಲೂ ಅವಸರವಿಲ್ಲ. ಮುಗಿದ ಒಂದು ಕುರ್ಚಿ ಗೋಡೆಗೆ ಒರಗಿತ್ತು. ಎತ್ತಿ ಬೋರಲು ಮಾಡಿದೆ. ಹೆಣಿಗೆಯವರ ಬಂಡವಾಳ ಕೆಳಗಿನ ಗಂಟುಗಳಲ್ಲಿ ಬಯಲಾಗುತ್ತದೆ. ಒಂದೊಂದು ಗಂಟೂ ಅತ್ತಿಗೆಯದೇ, ಬಾಗಿದ ದಿಕ್ಕು ಮಾತ್ರ ಬೇರೆ. ನೆಟ್ಟಗೆ ಮಾಡಿ ಅಂಗೈಯಿಂದ ತಟ್ಟಿದೆ. ಡೋಲು.

ಆ ಸದ್ದಿಗೆ ಪುಟ್ಟಿ ತಿರುಗಿದಳು. "ಅಯ್ಯೋ ಚಿಕ್ಕಪ್ಪಾ! ಯಾವಾಗ ಬಂದ್ರಿ?"

"ಯಾರೇ ಹೇಳ್ಕೊಟ್ಟಿದ್ದು ನಿನಗೆ?"

"ಅಮ್ಮ."

"ವಿಡಿಯೊ ಉಲ್ಟಾ ಆಗಿದೆ ಕಣೇ, ಗೊತ್ತಾ? ನಮ್ಮ ಎಡವಟ್ಟು ಅದು. ಉದ್ದಣ್ಣನಿಗೆ ತಲೆ ಕೆಟ್ಟು ಹೋಗಿದೆ. ತಿರುಗಿಸ್ಬೇಕು ಅಂತ ಬಂದೆ."

"ಉದ್ದಣ್ಣಂಗೆ ಬೇಕಾದ್ರೆ ಬೇರೆ ಕಾಪಿ ತಿರುಗಿಸಿ ಕೊಡ್ತೀನಿ. ಇದನ್ನ ಮುಟ್ಟಬೇಡಿ. ಇದು ಎಡವಟ್ಟಲ್ಲ ಚಿಕ್ಕಪ್ಪಾ. ನನಗೆ ಅಂತಾನೇ ತೆಗೆದಿದ್ದು."

"ಯಾರು ಹೇಳಿದ್ರು ಹಾಗಂತ?"

"ಅಮ್ಮಾನೇ. ಬೆತ್ತ ನೆನೆಯೋವಾಗ."

ಅವಳು ಕೈ ಒರೆಸಿಕೊಂಡು ಎರಡನೆಯ ವಿಡಿಯೊ ಹಾಕಿದಳು. ಬಕೆಟ್ಟಿಗೆ ಬೆತ್ತ ಮುಳುಗಿಸಿದ ಸದ್ದು. ಖಾಲಿ ಕುರ್ಚಿ. ಮಡಿಲಲ್ಲಿ ಎರಡು ಕೈ. ನನ್ನ ಬೆರಳು ಅಭ್ಯಾಸಬಲದಿಂದ ಮುಂದಕ್ಕೆ ಎಳೆಯಲು ಹೋಯಿತು. ಪುಟ್ಟಿ ಪಟ್ಟನೆ ನನ್ನ ಕೈ ಮೇಲೆ ಹೊಡೆದಳು. "ಎಳೀಬೇಡಿ. ಕಾಯಿರಿ."

ಕಾದೆ. ಚಿತ್ರದಲ್ಲಿ ಏನೂ ಆಗಲಿಲ್ಲ. ದೂರದಲ್ಲಿ ನನ್ನ ಗರಗಸದ ಸದ್ದು. ಅದು ನಿಂತಿತು, ನಾನು ಯಾರನ್ನೋ ಬೈದುಕೊಂಡು ಹೊರಗೆ ಹೋದದ್ದೂ ಕೇಳಿಸಿತು. ಆಮೇಲೆ ಅತ್ತಿಗೆ ಕತ್ತೆತ್ತಿದರು. ಚಿತ್ರದ ತುಂಬ ಅವರ ಮುಖ, ನೆಟ್ಟಗೆ ನಮ್ಮನ್ನೇ ನೋಡುತ್ತಾ.

"ಪುಟ್ಟೀ" ಅಂದರು. "ಇಲ್ಲೀತನಕ ನೋಡ್ತಾ ಕೂತಿದೀಯಾ ಅಂದ್ರೆ ನೀನೇ ಇರ್ಬೇಕು. ನಿಮ್ಮ ಚಿಕ್ಕಪ್ಪ ಅಂತೂ ಅಲ್ಲ, ಆ ಮನುಷ್ಯ ಕಾಯೋನಲ್ಲ. ಮೊನ್ನೆ ತೆಗೆದಿದ್ದನ್ನ ಕೆಳಗಿಳಿಸಿ ನೋಡಿದೆ ಕಣೇ. ನನ್ನ ಕೈ ನಿನ್ನ ಕೈ ಥರ ಹೋಗ್ತಾ ಇತ್ತು. ಎಡಗೈಲಿ. ಮೊದ್ಲು ಗಾಬರಿ ಆಯ್ತು. ಆಮೇಲೆ ನೋಡ್ತಾನೇ ಕೂತೆ. ಎಷ್ಟು ಚೆನ್ನಾಗಿ ಹೆಣೀತಿತ್ತು ಗೊತ್ತಾ ಆ ಎಡಗೈ."

ಅವರು ಹೆಬ್ಬೆರಳಿನ ಬುಡ ಒತ್ತಿಕೊಂಡರು.

"ನಿನ್ನ ಕೈಯಲ್ಲಿ ಏನೂ ತಪ್ಪಿರ್ಲಿಲ್ಲ. ನನಗೇ ತೋರಿಸೋಕೆ ಬರ್ಲಿಲ್ಲ. ನಿನಗೆ ಹತ್ತಲ್ಲ ಅಂತ ಅಂದುಬಿಟ್ಟೆ. ಎದುರಿಗೆ ಕೂತು ಇದನ್ನ ಹೇಳೋಕೆ ನನಗೆ ಮುಖ ಇಲ್ಲ ಮಗಳೇ, ಅದಕ್ಕೇ ಇದರ ಹತ್ರ ಹೇಳ್ತಿದೀನಿ. ಸರಿಮಾಡೋದು ಹೇಗೆ ಅಂತ ಯಾರನ್ನೂ ಕೇಳಲ್ಲ. ಎಲ್ಲಾ ಹೀಗೇ ತೆಗೀತೀನಿ. ನೀನು ಕಲೀಲೇಬೇಕು ಅಂತೇನಿಲ್ಲ. ಆಸೆ ಇದ್ರೆ ಇಲ್ಲಿದೆ."

ಬಕೆಟ್ಟಿಗೆ ಕೈಹಾಕಿ ಒಂದು ಎಳೆ ತೆಗೆದು ಬಾಗಿಸಿ ನೋಡಿದರು. "ಹಾಂ, ನೆಂದಿದೆ" ಅಂದರು. ಮುಖ ಮರೆಯಾಗಿ ಮತ್ತೆ ಕೈಗಳು ಬಂದವು.

ನಾನು ಅತ್ತುಬಿಟ್ಟೆ. ಮುಚ್ಚಿಡುವಂಥದ್ದೇನಿದೆ ಇದರಲ್ಲಿ? ಪುಟ್ಟಿಯ ಗಂಡ ನೀರು ತಂದುಕೊಟ್ಟ. ಅಷ್ಟು ವಿಡಿಯೊಗಳಲ್ಲಿ, ಅಷ್ಟು ಗಂಟೆಗಳಲ್ಲಿ, ಇದೊಂದು ಮಾತಿಗಾಗಿ ಆ ಹೆಂಗಸು ಬೆತ್ತ ನೆನೆಯುವ ಹೊತ್ತನ್ನೂ ಬಿಡದೆ ತೆಗೆದಿದ್ದರು. ಕಾಯುವವಳಿಗೆ ಮಾತ್ರ ಸಿಗಲಿ ಅಂತ. ಇವಳೋ, ಇಡೀ ಚಳಿಗಾಲ ಆಗಾಗ ಸಂಜೆ ಬಂದು "ಜಾಗ ಮಾಡಿದೀನಿ ಅಮ್ಮಾ" ಅನ್ನುತ್ತಾ, ಮನೆಗೆ ಬಂದು ಇದೇ ಕೆಲಸ ಮಾಡಿದ್ದಾಳೆ. ತಾಯಿಗೆ ತಕ್ಕ ಮಗಳು, ಹಟದಲ್ಲಿ.

"ನಿಮ್ಮಮ್ಮಂಗೆ ಯಾಕೇ ಹೇಳ್ಲಿಲ್ಲ?" ಅಂದೆ.

"ಒಂದು ಸೀಟಾದ್ರೂ ತಪ್ಪಿಲ್ಲದೆ ಬರ್ಲಿ ಅಂತ ಇದ್ದೆ. ನಿನ್ನೆ ಬಂತು. ನೀವೀಗ ಎತ್ತಿ ನೋಡಿದ್ರಲ್ಲ, ಅದೇ."

ನಾಟಕ ಮಂದಿರದ ಮ್ಯಾನೇಜರು ಬಂದು ಪುಟ್ಟಿ ಹೆಣೆದ ಕುರ್ಚಿಯಲ್ಲಿ ಕೂತು, ಎದ್ದು, ತಟ್ಟಿ, "ಇದ್ರಲ್ಲಿ ಹೊಸಬರದ್ದು ಯಾವುದು?" ಅಂತ ಕೇಳಿ ಸುಸ್ತಾದದ್ದು, ಸ್ಪಂಜಿನ ಮಾತು ಅಲ್ಲಿಗೇ ನಿಂತದ್ದು, ಅದೆಲ್ಲ ಆಮೇಲಿನ ಸಂಗತಿ. ನಾನು ಹೇಳಬೇಕಾದದ್ದು ಮರುದಿನ ಬೆಳಿಗ್ಗೆಯದು.

ಆವತ್ತು ಬೇಗ ಹೋಗಿ ಕಾರ್ಖಾನೆಯ ಬಾಗಿಲು ತೆಗೆದೆ. ಬೆಂಚಿನ ಬಲಗಡೆಯ ಡ್ರಾಯರಿನ ಸ್ಕ್ರೂ ಬಿಚ್ಚಿದೆ. ಎಡಗಡೆ ಅಳತೆ ಮಾಡಿ, ಪಟ್ಟಿ ಹೊಡೆದು, ಅದನ್ನು ಅಲ್ಲಿಗೆ ಜೋಡಿಸಿದೆ. ಹಳೇ ಮರ, ಹಟ ಮಾಡಿತು, ನಾನೂ ಬಿಡಲಿಲ್ಲ. ಗೂಟಗಳನ್ನು ಮೊದಲು ಇದ್ದ ಹಾಗೆಯೇ ತುಂಬಿಸಿದೆ. ಉದ್ದಣ್ಣ ಬಂದು ನೋಡಿ, "ಏನ್ ಯಜಮಾನ್ರೇ, ವಿಡಿಯೊ ತಿರುಗಿಸ್ತೀನಿ ಅಂತ ಹೋದವ್ರು ಬೆಂಚನ್ನೇ ತಿರುಗಿಸ್ತಿದೀರಲ್ಲ" ಅಂದ. ನಿನ್ನ ಬೆಂಚು ಆ ಕಡೆ ಹಾಕಿಕೊಡುತ್ತೇನೆ, ಹೋಗಿ ಟೀ ಹೇಳು ಅಂದೆ.

ಪುಟ್ಟಿ ಬಂದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಗೆ ಬಂದು ಬೆಂಚಿನ ಮುಂದೆ ಕೂತಳು. ಅತ್ತಿಗೆ ಕೈಪಟ್ಟಿಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದು ಬಂದರು. ಯಾರೂ ಕರೆದಿರಲಿಲ್ಲ. ಮಗಳ ಪಕ್ಕದಲ್ಲೇ, ಬಲಗಡೆ, ಸ್ಟೂಲು ಎಳೆದುಕೊಂಡು ಕೂತರು. ಮೊಣಕೈಗೆ ಮೊಣಕೈ ತಗಲಲಿಲ್ಲ.

"ಎಲ್ಲಾ ನೋಡಿದ್ಯಾ?" ಅಂದರು.

"ಒಂದನ್ನೂ ಬಿಟ್ಟಿಲ್ಲ ಅಮ್ಮಾ."

"ನೀರು?"

"ನೀರೂ."

ಅತ್ತಿಗೆ ಪಟ್ಟಿಯಿಲ್ಲದ ಕೈಯಿಂದ ಮಗಳ ಎಡಗೈಯನ್ನು ಒಮ್ಮೆ ಹಿಡಿದು ಬಿಟ್ಟರು. ಪುಟ್ಟಿ ನಾಟಕ ಮಂದಿರದ ಚೌಕಟ್ಟನ್ನು ಮುಂದಕ್ಕೆಳೆದುಕೊಂಡಳು, ಮೊದಲ ಎಳೆಯನ್ನು ತೂತಿನೊಳಗೆ ಇಳಿಸಿದಳು. ಕಣ್ಣು ಎಳೆಯ ಮೇಲೇ ಇತ್ತು. ಎಡಗೈ ತಾನಾಗಿ ಪಕ್ಕಕ್ಕೆ ಹೋಯಿತು. ಡ್ರಾಯರು ಅಲ್ಲೇ ಇತ್ತು, ಗೂಟ ಸಿಕ್ಕಿತು.